ಹೊತ್ತು ಮತ್ತು ನಡತೆ: ಮಿದುಳು, ನರಮಂಡಲ, ದೇಹದ ಲಯ



ಬಳ್ಳಾರಿ ಜಿಲ್ಲೆಯ ಕಂಪ್ಲಿಯ ಸುತ್ತ ಯಾವ ಊರಿನ ಹಾದಿ ಹಿಡಿದರೂ ಹುಣಸೆಮರ ಸಿಗುತ್ತದೆ. ಬಿಸಿಲಿಗೆ ಬಾಗದ ಮರ ಅದು. ಹೊತ್ತು ಮುಳುಗಿದ ಮೇಲೆ ಅದರ ಕೆಳಗೆ ನಿಂತು ತಲೆಯೆತ್ತಿದರೆ, ಹಗಲೆಲ್ಲ ಅಗಲವಾಗಿ ಹರಡಿಕೊಂಡಿದ್ದ ಎಲೆಗಳು ಜೋಡಿಜೋಡಿಯಾಗಿ ಮಡಿಚಿಕೊಂಡಿರುವುದು ಕಾಣುತ್ತದೆ. ನಸುಕಿನಲ್ಲಿ ಮತ್ತೆ ಬಿಚ್ಚಿಕೊಳ್ಳುತ್ತವೆ. ನಮಗೆ ಇದು ಎಷ್ಟು ಬಳಕೆಯ ನೋಟವೆಂದರೆ ಯಾರೂ ನಿಂತು ನೋಡುವುದಿಲ್ಲ. ಆದರೆ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ, ಅಲೆಕ್ಸಾಂಡರನ ನೌಕಾಪಡೆಯ ಆಂಡ್ರೊಸ್ಥೆನಿಸ್ ಎಂಬವನು ಇಂದಿನ ಬಹ್ರೇನ್ ದ್ವೀಪದಲ್ಲಿ ಹೀಗೆ ರಾತ್ರಿ ಎಲೆ ಮುಚ್ಚುವ ಮರವೊಂದನ್ನು ಕಂಡು ಬರೆದಿಟ್ಟ. ಆ ಮರ ಹುಣಸೆಯೇ ಎಂದು ವಿದ್ವಾಂಸರು ಹೇಳುತ್ತಾರೆ. ಜೀವಿಗಳ ದಿನಲಯದ ಬಗ್ಗೆ ಮನುಷ್ಯ ಬರೆದಿಟ್ಟ ಅತಿ ಹಳೆಯ ಟಿಪ್ಪಣಿಗಳಲ್ಲಿ ಅದು ಒಂದು.

ಎಲೆ ಮುಚ್ಚುವುದು ಕತ್ತಲಾದ ಕಾರಣಕ್ಕೋ, ಅಥವಾ ಮುಚ್ಚುವ ಹೊತ್ತಾಯಿತೆಂದು ಗಿಡಕ್ಕೇ ಗೊತ್ತಿರುತ್ತದೆಯೋ? ಈ ಪ್ರಶ್ನೆ ಕೇಳಲು ಎರಡು ಸಾವಿರ ವರ್ಷ ಬೇಕಾಯಿತು. 1729ರಲ್ಲಿ ಫ್ರಾನ್ಸಿನ ಖಗೋಳಶಾಸ್ತ್ರಜ್ಞ ದ ಮೆರಾನ್ ಮುಟ್ಟಿದರೆ ಮುನಿಯ ಜಾತಿಯ ಒಂದು ಗಿಡವನ್ನು ಬೆಳಕು ತಾಗದ ಜಾಗದಲ್ಲಿಟ್ಟು ನೋಡಿದ. ಕತ್ತಲಲ್ಲೂ ಅದು ಹಗಲಿನ ಹೊತ್ತಿಗೆ ಎಲೆ ಬಿಚ್ಚಿತು, ರಾತ್ರಿಯ ಹೊತ್ತಿಗೆ ಮುಚ್ಚಿತು. ಅಂದರೆ ಹೊತ್ತು ಗಿಡದ ಒಳಗೇ ಇತ್ತು.

ಕನ್ನಡದಲ್ಲಿ ‘ಹೊತ್ತು’ ಎಂದರೆ ಕಾಲವೂ ಹೌದು, ಸೂರ್ಯನೂ ಹೌದು. ಹೊತ್ತು ಮೂಡಿತು, ಹೊತ್ತು ಏರಿತು, ಹೊತ್ತು ಇಳಿಯಿತು ಎನ್ನುತ್ತೇವೆ. ಕೋಳಿ ಕೂಗುವ ಹೊತ್ತು, ಎಳೆಬಿಸಿಲ ಹೊತ್ತು, ಬುತ್ತಿ ಬಿಚ್ಚುವ ಹೊತ್ತು, ದೀಪ ಹಚ್ಚುವ ಹೊತ್ತು, ಉಂಡು ಮಲಗುವ ಹೊತ್ತು: ಗಡಿಯಾರ ಬರುವ ಮೊದಲು ನಮ್ಮ ಹಿರಿಯರು ದಿನವನ್ನು ಅಳೆದದ್ದು ಆಕಾಶದ ಬೆಳಕಿನಿಂದ ಮತ್ತು ದೇಹದ ಬೇಡಿಕೆಯಿಂದ. ಅಳತೆ ತಪ್ಪಿದ ನಡತೆಗೂ ನಮ್ಮಲ್ಲಿ ಮಾತಿದೆ. ಹೊತ್ತುಗೊತ್ತಿಲ್ಲದೆ ಉಣ್ಣುವವ, ಹೊತ್ತುಗೊತ್ತಿಲ್ಲದೆ ತಿರುಗುವವ ಎನ್ನುತ್ತೇವೆ. ಈ ಮಾತಿನಲ್ಲಿ ಒಂದು ತೀರ್ಪು ಇದೆ. ಹೊತ್ತು ತಪ್ಪಿದವನ ಗುಣವೂ ತಪ್ಪಿದೆ ಎಂಬ ತೀರ್ಪು ಅದು.

ನಾನು ಇಂದು ವಾದಿಸಬೇಕೆಂದಿರುವುದು ಈ ತೀರ್ಪಿನ ವಿಷಯವನ್ನೇ. ಒಬ್ಬರ ಸಿಟ್ಟು, ಸೋಮಾರಿತನ, ಮರೆವು, ಮೌನ, ಕೆಲವೊಮ್ಮೆ ಹುಚ್ಚು ಎಂದು ನಾವು ಕರೆಯುವ ನಡತೆ ಕೂಡ, ಬಹಳ ಸಲ ಅವರ ಮಿದುಳು ಮತ್ತು ನರಗಳ ಸ್ಥಿತಿಯ ಸುದ್ದಿಯಾಗಿರುತ್ತದೆ. ಆ ಸುದ್ದಿಯನ್ನು ಓದುವ ಮೊದಲೇ ಗುಣದ ಮೇಲೆ ತೀರ್ಪು ಕೊಡುವುದು ಅನ್ಯಾಯ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ನಾವು ಬಹಳ ಸಲೀಸಾಗಿ ಬಳಸುತ್ತೇವೆ. ಹುಟ್ಟುಗುಣವೆಂದು ತಿಳಿದದ್ದರಲ್ಲಿ ಎಷ್ಟೋ ಪಾಲು ನಾಲ್ಕು ರಾತ್ರಿಯ ಸರಿಯಾದ ನಿದ್ದೆಯಿಂದ ಹೋಗುವಂಥದು, ಇನ್ನೆಷ್ಟೋ ಪಾಲು ಸರ್ಕಾರಿ ಆಸ್ಪತ್ರೆಯ ಒಂದು ಮಾತ್ರೆಯಿಂದ ಹೋಗುವಂಥದು. ಈ ಎರಡನೆಯ ಮಾತಿಗೆ ಪುರಾವೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ನಮ್ಮ ಬಳ್ಳಾರಿ ಜಿಲ್ಲೆಯೇ ಪುರಾವೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ದೇಹದೊಳಗಿನ ಗಡಿಯಾರದ ವಿಷಯ. ಎರಡು ಕಣ್ಣಿನ ನರಗಳು ಮಿದುಳಿನ ತಳದಲ್ಲಿ ಒಂದನ್ನೊಂದು ದಾಟುವ ಜಾಗದ ಮೇಲ್ಗಡೆ, ಹೈಪೊಥಲಾಮಸ್ ಎಂಬ ಭಾಗದಲ್ಲಿ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಜೋಡಿ ಗುಂಪಿದೆ. ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಎಂದು ಅದರ ಹೆಸರು. ಗಾತ್ರದಲ್ಲಿ ಅಕ್ಕಿಕಾಳಿಗಿಂತ ಚಿಕ್ಕದು. ದೇಹದ ಉಷ್ಣತೆ ಯಾವಾಗ ಏರಬೇಕು, ಯಾವಾಗ ಇಳಿಯಬೇಕು, ನಿದ್ದೆಯ ಸೂಚನೆಯಾದ ಮೆಲಟೋನಿನ್ ಯಾವಾಗ ಸುರಿಯಬೇಕು, ಎಚ್ಚರಕ್ಕೆ ಅಣಿಮಾಡುವ ಕಾರ್ಟಿಸಾಲ್ ಯಾವಾಗ ಏರಬೇಕು ಎಂಬುದರ ದಿನದ ಪಟ್ಟಿಯನ್ನು ಅದು ನಡೆಸುತ್ತದೆ. ಯಕೃತ್ತು, ಹೃದಯ, ಕರುಳು ಎಲ್ಲದರಲ್ಲೂ ಚಿಕ್ಕ ಗಡಿಯಾರಗಳಿವೆ. ಅವೆಲ್ಲ ಈ ಒಂದರ ತಾಳಕ್ಕೆ ಹೊಂದಿಕೊಂಡು ನಡೆಯಬೇಕು.

ಜೀವಕೋಶದೊಳಗೆ ಈ ಗಡಿಯಾರ ಓಡುವ ಬಗೆಯನ್ನು ಹಣ್ಣಿನ ನೊಣಗಳಲ್ಲಿ ಮೊದಲು ಕಂಡರು. 1971ರಲ್ಲಿ ಕೊನೊಪ್ಕಾ ಮತ್ತು ಬೆನ್ಜರ್ ದಿನದ ಅಳತೆ ಕೆಟ್ಟ ನೊಣಗಳನ್ನು ಹಿಡಿದು, ಆ ದೋಷಕ್ಕೆ ಒಂದೇ ವಂಶವಾಹಿ ಕಾರಣವೆಂದು ತೋರಿಸಿದರು. ಆ ವಂಶವಾಹಿಯ ಕೆಲಸವನ್ನು ಬಿಡಿಸಿದ ಹಾಲ್, ರಾಸ್‌ಬ್ಯಾಷ್, ಯಂಗ್ ಎಂಬ ಮೂವರಿಗೆ 2017ರ ನೊಬೆಲ್ ಬಂತು. ಕಾಲುವೆ ಸೀಮೆಯವರಿಗೆ ಇದನ್ನು ತಿಳಿಸುವುದು ಸುಲಭ. ಕೆರೆಗೆ ನೀರು ಬರುವ ತೂಬು, ಕೆರೆ ತುಂಬಿದ ಕೂಡಲೇ ತಾನೇ ಮುಚ್ಚಿಕೊಳ್ಳುತ್ತದೆ, ನೀರು ಇಂಗಿ ತಗ್ಗಿದಾಗ ಮತ್ತೆ ತೆರೆದುಕೊಳ್ಳುತ್ತದೆ ಎಂದುಕೊಳ್ಳಿ. ಜೀವಕೋಶದಲ್ಲಿ ಒಂದು ಪ್ರೋಟೀನು ಹೀಗೆ ತುಂಬಿ, ತನ್ನನ್ನು ತಯಾರಿಸುವ ವಂಶವಾಹಿಯನ್ನೇ ಮುಚ್ಚಿ, ಕರಗಿ, ಮತ್ತೆ ತುಂಬುತ್ತದೆ. ಒಂದು ಸುತ್ತಿಗೆ ಸುಮಾರು ಒಂದು ದಿನ.

‘ಸುಮಾರು’ ಎಂಬ ಮಾತು ಇಲ್ಲಿ ಮುಖ್ಯ. ಮನುಷ್ಯನ ಒಳಗಡಿಯಾರದ ಸುತ್ತು ಸರಾಸರಿ 24 ಗಂಟೆಗಿಂತ ತುಸು ಹೆಚ್ಚು. ತಿದ್ದದೆ ಬಿಟ್ಟರೆ ದಿನಕ್ಕೆ ಕೆಲವು ನಿಮಿಷ ಹಿಂದೆ ಬೀಳುತ್ತ ಹೋಗುತ್ತದೆ. ಅದನ್ನು ದಿನವೂ ತಿದ್ದುವುದು ಮುಂಜಾನೆಯ ಬೆಳಕು. ನೋಡುವ ಕೆಲಸ ಮಾಡುವ ಕೋಶಗಳಲ್ಲದೆ, ಕಣ್ಣಿನ ಅಕ್ಷಿಪಟಲದಲ್ಲಿ ಬೆಳಕಿನ ಸುದ್ದಿಯನ್ನು ನೇರವಾಗಿ ಈ ಗಡಿಯಾರಕ್ಕೆ ಮುಟ್ಟಿಸುವ ಬೇರೆಯೇ ಕೋಶಗಳಿವೆ. ಅವು ನೀಲಿ ಬೆಳಕಿಗೆ ಹೆಚ್ಚು ಓಗೊಡುತ್ತವೆ. ಬಯಲ ಆಕಾಶದ ಬೆಳಕಿನಲ್ಲಿ ಅದು ಹೇರಳ. ರಾತ್ರಿ ಹಿಡಿದು ಕೂತ ಮೊಬೈಲಿನಲ್ಲೂ, ಎಲ್‌ಇಡಿ ದೀಪದಲ್ಲೂ ಇದೆ. ಮುಂಜಾನೆಯ ಬೆಳಕು ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ, ರಾತ್ರಿಯ ಬೆಳಕು ಹಿಂದಕ್ಕೆ ಎಳೆಯುತ್ತದೆ. ಮೊಬೈಲು, ದೀಪ ಎರಡೂ ಕೂಡಿ ನಮ್ಮ ಕಾಲದ ನಿದ್ದೆಯನ್ನು ಹಿಗ್ಗಾಮುಗ್ಗಾ ಮಾಡಿವೆ.

ಬೆಳಕಿನಂತೆ ಜೊತೆಗಾರರೂ ಗಡಿಯಾರವನ್ನು ತಿದ್ದಬಲ್ಲರು ಎಂಬುದನ್ನು ತೋರಿಸಿದವರಲ್ಲಿ ನಮ್ಮ ದೇಶದವರೇ ಇದ್ದಾರೆ. ಎಂ. ಕೆ. ಚಂದ್ರಶೇಖರನ್ ಮದುರೆಯ ಕಾಮರಾಜ ವಿಶ್ವವಿದ್ಯಾಲಯದಲ್ಲಿದ್ದಾಗ ತಮ್ಮ ಶಿಷ್ಯರೊಂದಿಗೆ ಗವಿಗಳಲ್ಲಿ ಬಾವಲಿಗಳ ಮೇಲೆ ಪ್ರಯೋಗ ನಡೆಸಿದರು. ಬೆಳಕು ಮುಟ್ಟದ ಗವಿಯೊಳಗೆ ಪಂಜರದಲ್ಲಿಟ್ಟ ಬಾವಲಿ ಕೂಡ, ತನ್ನ ಬಳಗದ ಬಾವಲಿಗಳು ಸಂಜೆ ಹೊರಟು ನಸುಕಿಗೆ ಮರಳುವುದನ್ನು ಅರಿತು ಅದೇ ಹೊತ್ತಿಗೆ ತನ್ನ ಚಟುವಟಿಕೆಯನ್ನು ಹೊಂದಿಸಿಕೊಳ್ಳುತ್ತಿತ್ತು. ಬಳಗವನ್ನು ಬಿಡಿಸಿದರೆ ಅದರ ಹೊತ್ತು ಜಾರುತ್ತಿತ್ತು. ಮುಂದೆ ಅವರು ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ದೇಹಗಡಿಯಾರದ ಸಂಶೋಧನೆ ಅಲ್ಲಿ ನೊಣಗಳ ಮೇಲೆ ಮುಂದುವರಿಯಿತು. ಒಂಟಿಯಾದ ಮುದುಕರ ನಿದ್ದೆ ಯಾಕೆ ಚದುರುತ್ತದೆ ಎಂದು ಯೋಚಿಸುವಾಗಲೆಲ್ಲ ನನಗೆ ಆ ಪಂಜರದ ಬಾವಲಿ ನೆನಪಾಗುತ್ತದೆ.

ಇನ್ನು ನಡತೆಗೆ ಬರೋಣ. ನಮ್ಮ ಇಚ್ಛೆಗೆ ಕಾಯದೆ ಕೆಲಸ ಮಾಡುವ ನರಮಂಡಲಕ್ಕೆ ಎರಡು ಕವಲು. ಒಂದು ಅಪಾಯಕ್ಕೆ ಅಣಿಮಾಡುತ್ತದೆ: ಎದೆ ಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಕರುಳಿನ ಕೆಲಸ ನಿಧಾನವಾಗುತ್ತದೆ, ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ. ಇನ್ನೊಂದು ಉಂಡದ್ದನ್ನು ಅರಗಿಸಿ, ಎದೆ ಬಡಿತ ಇಳಿಸಿ, ದೇಹವನ್ನು ದುರಸ್ತಿಗೆ ಕೂರಿಸುತ್ತದೆ. ಭಯವನ್ನು ಮೊದಲು ಗುರುತಿಸುವ ಅಮಿಗ್ಡಲಾ ಎಂಬ ಭಾಗ ಮಿದುಳಿನ ಒಳಗಡೆ ಇದೆ. ‘ತಡಿ, ಇದು ಹಾವಲ್ಲ ಹಗ್ಗ’ ಎಂದು ಅದಕ್ಕೆ ಬುದ್ಧಿ ಹೇಳುವುದು ಹಣೆಯ ಹಿಂದಿನ ಭಾಗ. ಒಂದು ರಾತ್ರಿ ಪೂರಾ ನಿದ್ದೆಗೆಟ್ಟವರ ಮಿದುಳನ್ನು ಪರೀಕ್ಷಿಸಿದ ಅಧ್ಯಯನಗಳಲ್ಲಿ ಕಂಡದ್ದೇನೆಂದರೆ, ಅಮಿಗ್ಡಲಾದ ಪ್ರತಿಕ್ರಿಯೆ ಜೋರಾಗುತ್ತದೆ, ಹಣೆಯ ಹಿಂದಿನ ಭಾಗದೊಡನೆ ಅದರ ಸಂಪರ್ಕ ಸಡಿಲವಾಗುತ್ತದೆ. ಮಾತಿಗೆ ಮೊದಲು ಕೈ ಏಳುವುದು ಇಂಥ ಗಳಿಗೆಯಲ್ಲಿ. ಮರುದಿನ ಅದೇ ಮನುಷ್ಯ ‘ಯಾಕೆ ಹಂಗೆ ಮಾಡಿದೆನೋ’ ಎಂದು ಕೊರಗುವುದು ಸುಳ್ಳಲ್ಲ.

ಈ ವಿಜ್ಞಾನವನ್ನು ಇಟ್ಟುಕೊಂಡು ನಮ್ಮ ಸೀಮೆಯತ್ತ ನೋಡಬೇಕು. ದರೋಜಿಯ ಬಂಡೆಗುಡ್ಡಗಳಲ್ಲಿ 1994ರಲ್ಲಿ ಘೋಷಿತವಾದ ಕರಡಿಧಾಮವಿದೆ. ಹಗಲ ಬಿಸಿಲನ್ನು ಗವಿಯಲ್ಲಿ ಕಳೆದ ಕರಡಿಗಳು ಇಳಿಹೊತ್ತಿಗೆ ಬಂಡೆಯ ಮೇಲೆ ಕಾಣಿಸಿಕೊಳ್ಳುತ್ತವೆ. ಅಲ್ಲಿಂದ ಕೆಲವೇ ಮೈಲಿ ಆಚೆಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಹಗಲು ರಾತ್ರಿಯ ಭೇದವೇ ಇಲ್ಲ. ಉಕ್ಕಿನ ಊದುಕುಲುಮೆಯನ್ನು ಸಂಜೆ ಆರಿಸಿ ಬೆಳಗ್ಗೆ ಹೊತ್ತಿಸುವಂತಿಲ್ಲ. ಹೊತ್ತಿಸಿದರೆ ವರ್ಷಗಟ್ಟಲೆ ಉರಿಯಬೇಕು. ಅದರ ಬಾಯಿಗೆ ಅದಿರು ಬೀಳುತ್ತಲೇ ಇರಬೇಕಾದರೆ ಸಂಡೂರಿನ ಗಣಿ, ಲಾರಿ, ರೈಲು ಎಲ್ಲವೂ ಎಚ್ಚರವಿರಬೇಕು. ಎರಡು ತಲೆಮಾರಿನ ಹಿಂದೆ ಜೋಳದ ಹೊಲಕ್ಕೆ ನಸುಕಿನಲ್ಲಿ ಹೊರಡುತ್ತಿದ್ದ ಮನೆಗಳಿಂದ ಇಂದು ರಾತ್ರಿ ಒಂಬತ್ತಕ್ಕೆ ನೈಟ್ ಶಿಫ್ಟಿನ ಕಂಪನಿ ಬಸ್ಸಿಗೆ ಹುಡುಗರು ಹೊರಡುತ್ತಾರೆ. ಈ ಕೆಲಸ ಈ ಭಾಗಕ್ಕೆ ಅನ್ನ ಕೊಟ್ಟಿದೆ, ಮನೆ ಕಟ್ಟಿಸಿದೆ, ಮಕ್ಕಳನ್ನು ಓದಿಸಿದೆ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದರ ಬೆಲೆಯನ್ನು ಯಾವ ಅಂಗ ಕೊಡುತ್ತಿದೆ ಎಂದು ಕೇಳಲೇಬೇಕು.

ದೇಹದ ಉಷ್ಣತೆ ಅತಿ ಕಡಿಮೆಯಾಗುವುದು ನಸುಕಿನ ನಾಲ್ಕರ ಆಸುಪಾಸು. ಆ ಹೊತ್ತಿಗೆ ಎಚ್ಚರ, ಕೈಚಳಕ, ಲೆಕ್ಕ, ನಿರ್ಧಾರ ಎಲ್ಲವೂ ತಳ ಮುಟ್ಟಿರುತ್ತವೆ. ಮನಸ್ಸು ಎಷ್ಟೇ ಗಟ್ಟಿಯಾಗಿರಲಿ, ಕಣ್ಣು ತೆರೆದಿದ್ದಂತೆಯೇ ಮಿದುಳು ಕೆಲವು ಕ್ಷಣ ನಿದ್ದೆಗೆ ಜಾರುತ್ತದೆ. ಹೊಸಪೇಟೆಯಿಂದ ಚಿತ್ರದುರ್ಗದ ಹೆದ್ದಾರಿಯಲ್ಲಿ ತುಂಬಿದ ಲಾರಿಯ ಚಾಲಕನಿಗೆ ಆ ಕೆಲವು ಕ್ಷಣ ಎಂದರೆ ನೂರು ಗಜ ದೂರ. ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅವಘಡ 1979ರ ಮಾರ್ಚ್ 28ರ ಬೆಳಗಿನ ನಾಲ್ಕಕ್ಕೆ ಶುರುವಾಯಿತು. 1986ರ ಚೆರ್ನೊಬಿಲ್ ಸ್ಫೋಟ ರಾತ್ರಿ 1 ಗಂಟೆ 23 ನಿಮಿಷಕ್ಕೆ. ಇವುಗಳ ಹಿಂದೆ ಯಂತ್ರದ ದೋಷ, ಆಡಳಿತದ ದೋಷ ಬೇಕಾದಷ್ಟಿವೆ. ರಾತ್ರಿಪಾಳಿಯ ನೌಕರನ ತಲೆಗೆ ಅವನ್ನು ಕಟ್ಟುವುದು ತಪ್ಪು. ಆದರೆ ಸಂಕಟದ ಗಳಿಗೆಯಲ್ಲಿ ಸರಿಯಾದ ನಿರ್ಧಾರವನ್ನು ನಾವು ಕೇಳಿದ್ದು, ನಿರ್ಧರಿಸುವ ಶಕ್ತಿ ಅತಿ ಕಡಿಮೆ ಇರುವ ಮಿದುಳುಗಳನ್ನು.

ಮುಂಜಾನೆ ಮನೆಗೆ ಬಂದವನ ಪಾಡು ಇನ್ನೊಂದು. ಬಸ್ಸಿನ ಕಿಟಕಿಯಿಂದ ಎಳೆಬಿಸಿಲು ಕಣ್ಣಿಗೆ ಬಿದ್ದ ಕೂಡಲೇ ಗಡಿಯಾರ ಹಗಲೆಂದು ಸಾರುತ್ತದೆ. ಮನೆಯಲ್ಲಿ ಕುಕ್ಕರಿನ ಸೀಟಿ, ಹೊರಗೆ ತರಕಾರಿ ಗಾಡಿಯ ಮೈಕು, ಮಕ್ಕಳ ಗಲಾಟೆ. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ಅವನ ವಿಷಯದಲ್ಲಿ ನಿಲ್ಲದು. ಚಿಂತೆ ಇರಲಿ ಬಿಡಲಿ, ಹಗಲ ನಿದ್ದೆ ಮೋಟು ನಿದ್ದೆ. ವಾರಕ್ಕೊಮ್ಮೆ ಪಾಳಿ ಬದಲಾದರೆ ಗಡಿಯಾರ ಎಲ್ಲಿಯೂ ನೆಲೆಯೂರುವುದಿಲ್ಲ. ಎದೆಯುರಿ, ಮಲಬದ್ಧತೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಹಿಂಬಾಲಿಸುತ್ತವೆ. ರಾತ್ರಿಪಾಳಿಯನ್ನು ಕ್ಯಾನ್ಸರಿಗೆ ಕಾರಣವಾಗಬಹುದಾದವುಗಳ ಪಟ್ಟಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ ಸೇರಿಸಿ, 2019ರಲ್ಲಿ ಅದನ್ನೇ ಮತ್ತೆ ಹೇಳಿತು. ಇವೆಲ್ಲಕ್ಕಿಂತ ಮೊದಲು ಮನೆಯವರ ಅರಿವಿಗೆ ಬರುವುದು ಸಿಡುಕು. ‘ಕಂಪನಿ ಸೇರಿದ ಮ್ಯಾಲೆ ಬದಲಾಗ್ಯಾನ’ ಎನ್ನುವ ತಾಯಿ, ಹೆಂಡತಿ ತಪ್ಪು ಹೇಳುತ್ತಿಲ್ಲ. ಬದಲಾದದ್ದು ಅವನ ಪ್ರೀತಿಯಲ್ಲ, ಅವನ ದೇಹದ ಹೊತ್ತು.

ಮಾಡಬಹುದಾದ ಕೆಲಸಗಳು ಗೊತ್ತಿಲ್ಲದವಲ್ಲ. ಒಳಗಡಿಯಾರ ಹಿಂದಕ್ಕೆ ಸರಿಯಲು ಸುಲಭವಾಗಿ ಒಪ್ಪುತ್ತದೆ, ಮುಂದಕ್ಕೆ ಬರಲು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಆದ್ದರಿಂದ ಪಾಳಿ ಬೆಳಗಿನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಸರಿಯಬೇಕು. ಅದರ ತಿರುಗುಮುರುಗು ದೇಹಕ್ಕೆ ಕಷ್ಟ. ಎರಡು ಪಾಳಿಗಳ ನಡುವೆ ಪೂರ್ಣ ನಿದ್ದೆಗೆ ಬೇಕಾದ ಬಿಡುವಿರಬೇಕು. ರಾತ್ರಿ ನಡುವೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಲು ಬಿಡುವುದು ಮೈಗಳ್ಳತನಕ್ಕೆ ಕೊಟ್ಟ ಆಸರೆಯಲ್ಲ, ಸುರಕ್ಷತೆಯ ಕ್ರಮ. ಮನೆಯಲ್ಲಿ ಒಂದು ಕೋಣೆಗೆ ದಪ್ಪ ಪರದೆ ಹಾಕಿ ಕತ್ತಲು ಮಾಡಿದರೆ ಅದು ಆಸ್ಪತ್ರೆಯ ಖರ್ಚಿಗಿಂತ ಅಗ್ಗ.

ರಾತ್ರಿಪಾಳಿ ಕಾರ್ಖಾನೆಯಲ್ಲಿ ಮಾತ್ರ ಇದೆ ಎಂದುಕೊಳ್ಳಬಾರದು. ತ್ರೀ ಫೇಸ್ ಕರೆಂಟು ರಾತ್ರಿ ಬರುವ ದಿನಗಳಲ್ಲಿ ಪಂಪ್‌ಸೆಟ್ಟಿನ ರೈತ ಬ್ಯಾಟರಿ ಹಿಡಿದು ಗದ್ದೆಗೆ ಹೋಗುತ್ತಾನೆ. ನೀರು ಕಟ್ಟಿ ಬಂದು ಬೆಳಗ್ಗೆ ಎಲ್ಲರಂತೆ ಕೆಲಸಕ್ಕೆ ಇಳಿಯುತ್ತಾನೆ. ಹಾವಿನ ಭಯ, ಶಾಕ್‌ನ ಭಯ ಎಲ್ಲರಿಗೂ ಗೊತ್ತು. ಕೆಟ್ಟ ನಿದ್ದೆಯ ಲೆಕ್ಕ ಮಾತ್ರ ಯಾರ ಪುಸ್ತಕದಲ್ಲೂ ಇಲ್ಲ. ನಾಟಿಯ ಕಾಲದಲ್ಲಿ ಟಂಟಂ ಹತ್ತಿ ಹೊರಡುವ ಹೆಣ್ಣುಮಕ್ಕಳು ಅದಕ್ಕೂ ಎರಡು ಗಂಟೆ ಮೊದಲೆದ್ದು ರೊಟ್ಟಿ ಬಡಿದಿರುತ್ತಾರೆ, ರಾತ್ರಿ ಎಲ್ಲರೂ ಉಂಡ ಮೇಲೆ ಪಾತ್ರೆ ತೊಳೆದು ಮಲಗುತ್ತಾರೆ. ಊರು ಪೂರ್ತಿ ನಿದ್ದೆಯ ಸಾಲದಲ್ಲಿದ್ದರೂ, ಅದರಲ್ಲಿ ಹೆಚ್ಚಿನ ಬಡ್ಡಿ ಕಟ್ಟುವವರು ಅವರೇ.

ಬಿಸಿಲಿನ ಮಾತನ್ನೂ ಹೇಳಬೇಕು. ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಬಿಸಿ ಸುಮಾರು ಒಂದು ಡಿಗ್ರಿ ಇಳಿಯಬೇಕು. ಕೈಕಾಲಿನ ಚರ್ಮದ ಮೂಲಕ ಅದು ಹೊರಹೋಗುತ್ತದೆ. ಹೊರಗೇ ಧಗೆ ಇದ್ದರೆ ಹೋಗುವುದೆಲ್ಲಿಗೆ? ಬಳ್ಳಾರಿ ಸೀಮೆಯ ಮಾಳಿಗೆ ಮನೆಗಳಲ್ಲಿ ಬೇಸಿಗೆಗೆ ಮಾಳಿಗೆಯ ಮೇಲೆ ಹಾಸಿಗೆ ಹಾಕುತ್ತಿದ್ದುದು ದೇಹಶಾಸ್ತ್ರಕ್ಕೆ ಒಪ್ಪಿದ ಪದ್ಧತಿ. ಈಗಿನ ಆರ್‌ಸಿಸಿ ಮನೆ ಹಗಲು ಕುಡಿದ ಬಿಸಿಯನ್ನು ಸರಿರಾತ್ರಿಯವರೆಗೆ ಉಗುಳುತ್ತಿರುತ್ತದೆ. ರಾತ್ರಿಯ ಉಷ್ಣತೆ ಏರಿದಂತೆ ಜನರ ನಿದ್ದೆ ಕುಗ್ಗುತ್ತಿರುವುದನ್ನು ಹಲವು ದೇಶಗಳ ಮಾಹಿತಿ ಒಟ್ಟುಗೂಡಿಸಿದ ಅಧ್ಯಯನಗಳು ತೋರಿಸಿವೆ. ಏಪ್ರಿಲ್, ಮೇ ತಿಂಗಳ ಜಗಳಗಳಲ್ಲಿ ಸೆಕೆಯ ಪಾಲು ಎಷ್ಟೆಂದು ನಾವು ಯೋಚಿಸಿದ್ದು ಕಡಿಮೆ.

ಮಕ್ಕಳ ವಿಷಯದಲ್ಲಿ ಎರಡೇ ಮಾತು. ಹದಿಹರೆಯದಲ್ಲಿ ಒಳಗಡಿಯಾರ ತಾನಾಗಿ ತಡವಾಗುತ್ತದೆ. ರಾತ್ರಿ ನಿದ್ದೆ ಬೇಗ ಬರುವುದಿಲ್ಲ, ಬೆಳಗ್ಗೆ ಎಚ್ಚರವಾಗುವುದಿಲ್ಲ. ಇದು ಆ ವಯಸ್ಸಿನ ದೇಹಧರ್ಮ. ನಾಲ್ಕಕ್ಕೆ ಎಬ್ಬಿಸಿ ಓದಿಸುವ ಪದ್ಧತಿ, ಎಂಟೂವರೆಗೆ ಮಲಗುತ್ತಿದ್ದ ಮನೆಗಳಲ್ಲಿ ಸರಿಯಿತ್ತು. ಹನ್ನೊಂದಕ್ಕೆ ಮಲಗಿಸಿ ಐದಕ್ಕೆ ಟ್ಯೂಷನ್ನಿಗೆ ಕಳಿಸಿದರೆ, ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವ ಹೊತ್ತನ್ನೇ ಕಿತ್ತುಕೊಂಡಂತೆ. ಇದಕ್ಕೆ ಇನ್ನೊಂದು ಸಂಗತಿ ಸೇರುತ್ತದೆ. ದೇಶಕ್ಕೆಲ್ಲ ಒಂದೇ ಗಡಿಯಾರ, ಅದರ ಗೆರೆ 82.5 ಡಿಗ್ರಿ ರೇಖಾಂಶದ ಮೇಲೆ. ಕಂಪ್ಲಿ ಅದಕ್ಕಿಂತ ಸುಮಾರು ಆರು ಡಿಗ್ರಿ ಪಶ್ಚಿಮಕ್ಕಿದೆ. ಹಾಗಾಗಿ ನಮ್ಮ ನಡುಹಗಲು ಗಡಿಯಾರದ ಹನ್ನೆರಡಕ್ಕೆ ಬಾರದೆ, ಸರಾಸರಿ 12 ಗಂಟೆ 24 ನಿಮಿಷದ ಹೊತ್ತಿಗೆ ಬರುತ್ತದೆ. ಗಡಿಯಾರದ ಪ್ರಕಾರ ಹೊತ್ತು ತಡವಾಗಿ ಮುಳುಗುವ ಕಡೆ ಮಕ್ಕಳು ತಡವಾಗಿ ಮಲಗುತ್ತಾರೆ, ಶಾಲೆಗೆ ಮಾತ್ರ ಎಲ್ಲರಂತೆ ಏಳಬೇಕು, ಅದರಿಂದ ಕಲಿಕೆಯೂ ಕುಂದುತ್ತದೆ ಎಂದು ಭಾರತದ ಅಂಕಿಅಂಶ ಆಧರಿಸಿದ ಅಧ್ಯಯನವೊಂದು ಹೇಳುತ್ತದೆ. ತರಗತಿಯಲ್ಲಿ ತೂಕಡಿಸುವ ಹುಡುಗನನ್ನು ಎಬ್ಬಿಸಿ ನಿಲ್ಲಿಸುವ ಮೊದಲು ಅವನು ಮಲಗಿದ್ದು ಎಷ್ಟಕ್ಕೆಂದು ಕೇಳುವುದು ಒಳ್ಳೆಯ ಮೇಷ್ಟ್ರ ಲಕ್ಷಣ.

ಶಿಸ್ತಿನ ದಿನಚರಿ ನಮಗೆ ಹೊಸದಲ್ಲ. 1520ರ ಆಸುಪಾಸು ವಿಜಯನಗರಕ್ಕೆ ಬಂದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಯಸ್, ಕೃಷ್ಣದೇವರಾಯನು ಬೆಳಕು ಹರಿಯುವ ಮೊದಲೇ ಎದ್ದು, ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ಬೀಸಿ, ಕುಸ್ತಿ ಮಾಡಿ, ಕುದುರೆ ಓಡಿಸಿ, ಆಮೇಲೆ ಸ್ನಾನ ಮಾಡುತ್ತಿದ್ದನೆಂದು ಬರೆದಿದ್ದಾನೆ. ಹಂಪಿಯ ಕಲ್ಲುಗಳನ್ನು ನೋಡಲು ಬರುವವರಿಗೆ ಈ ಸಂಗತಿಯನ್ನೂ ಹೇಳಬೇಕು ಎಂಬುದು ನನ್ನ ಆಸೆ.

ಸ್ನಾನದ ಮಾತು ಬಂದದ್ದರಿಂದ, ನರಮಂಡಲಕ್ಕೂ ನಮ್ಮ ರೂಢಿಗೂ ಇರುವ ನಂಟಿನ ಒಂದು ವಿಶೇಷ ಉದಾಹರಣೆಯ ಮುಂದೆ ತುಸು ನಿಲ್ಲುತ್ತೇನೆ. ಕರ್ನಾಟಕದಲ್ಲಿ ತಲೆಗೆ ಎರೆದುಕೊಳ್ಳುವುದೆಂದರೆ ಹಂಡೆಯಲ್ಲಿ ಕಾದ ನೀರನ್ನು ತಂಬಿಗೆಯ ಮೇಲೆ ತಂಬಿಗೆ ನೆತ್ತಿಗೆ ಸುರಿದುಕೊಳ್ಳುವುದು. ಹೀಗೆ ಸುರಿಯುವಾಗಲೇ ಕೆಲವರಿಗೆ ದಿಟ್ಟಿ ನಿಂತುಹೋಗುತ್ತದೆ, ಅರ್ಥವಿಲ್ಲದ ಮಾತು ಬರುತ್ತದೆ, ಕೆಲವರಿಗೆ ಇಡೀ ಮೈ ಸೆಳೆದು ಬೀಳುವಂತಾಗುತ್ತದೆ. ವೈದ್ಯರು ಇದನ್ನು ಬಿಸಿನೀರಿನ ಅಪಸ್ಮಾರ ಎನ್ನುತ್ತಾರೆ. ಇದರ ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡಿನಿಂದ ಬಂತು. ಆದರೆ ಜಗತ್ತಿನಲ್ಲಿ ಅತಿ ಹೆಚ್ಚು ಕಂಡುಬಂದದ್ದು ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ. ಬೆಂಗಳೂರಿನ ಕೆ. ಎಸ್. ಮಣಿ, ಆಮೇಲೆ ಅಲ್ಲಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ನೂರಾರು ರೋಗಿಗಳನ್ನು ಕಂಡು ಇದನ್ನು ವಿವರಿಸಿದರು. ಬಿಸಿಯನ್ನು ಹದದಲ್ಲಿಡುವ ಮಿದುಳಿನ ವ್ಯವಸ್ಥೆ ಕೆಲವರಲ್ಲಿ ಹುಟ್ಟಿನಿಂದಲೇ ಸೂಕ್ಷ್ಮವಾಗಿರಬಹುದು ಎಂಬುದು ಇದಕ್ಕೆ ಕೊಡುವ ವಿವರಣೆ. ಅದರ ಮೇಲೆ ಬಿಸಿನೀರಿನ ಧಾರೆ ಬಿದ್ದಾಗ ನರಕೋಶಗಳು ಒಟ್ಟಾಗಿ ಕೆರಳುತ್ತವೆ. ಅಚ್ಚರಿಯೆಂದರೆ ಕೆಲವರಿಗೆ ಆ ಗಳಿಗೆಯಲ್ಲಿ ಹಿತವೆನಿಸುತ್ತದೆ. ಸಾಕು ಎಂದರೂ ಕೇಳದೆ ಸುರಿದುಕೊಳ್ಳುತ್ತಲೇ ಇರುತ್ತಾರೆ. ಬಚ್ಚಲ ಬಾಗಿಲ ಹೊರಗೆ ನಿಂತವರಿಗೆ ಅದು ಹಟ, ಇಲ್ಲವೆ ಮೈಮೇಲೆ ಬಂದದ್ದು. ಒಳಗೆ ನಡೆಯುತ್ತಿರುವುದು ಮಿದುಳಿನ ಸೆಳವು. ಪರಿಹಾರವೂ ದೊಡ್ಡದಲ್ಲ. ನೀರು ಉಗುರು ಬೆಚ್ಚಗಿರಬೇಕು, ನೆತ್ತಿಗೆ ಒಂದೇ ಸಮನೆ ಸುರಿಯಬಾರದು. ಮರುಕಳಿಸುವವರಿಗೆ ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ನುಂಗುವ ಮಾತ್ರೆಯನ್ನು ವೈದ್ಯರು ಕೊಡುತ್ತಾರೆ.

ಅಮಾವಾಸ್ಯೆ ಹುಣ್ಣಿಮೆಗೆ ಮನಸ್ಸಿನ ಕಾಯಿಲೆ, ಮೂರ್ಛೆ ಕೆರಳುತ್ತವೆ ಎಂಬ ನಂಬಿಕೆಯನ್ನೂ ಇದೇ ಗೌರವದಿಂದ ಪರೀಕ್ಷಿಸಬೇಕು. ‘ಹುಣ್ಣಿಮಿ ಬಂದ್ರ ಜಾಸ್ತಿ ಆಗ್ತದ’ ಎಂದು ರೋಗಿಯ ಮನೆಯವರು ಹೇಳುತ್ತಾರೆ. ಅರ್ಜೆಂಟೀನಾದ ಮೂಲನಿವಾಸಿಗಳ ನಿದ್ದೆಯನ್ನು ಅಳೆದ ಸಂಶೋಧಕರು 2021ರಲ್ಲಿ ಪ್ರಕಟಿಸಿದಂತೆ, ಹುಣ್ಣಿಮೆಗೆ ಮುಂಚಿನ ಕೆಲವು ರಾತ್ರಿ ಜನ ತಡವಾಗಿ ಮಲಗುತ್ತಾರೆ, ಕಡಿಮೆ ಮಲಗುತ್ತಾರೆ. ನಿದ್ದೆಗೆಟ್ಟರೆ ಮೂರ್ಛೆರೋಗ ಮರುಕಳಿಸುವುದು, ಉನ್ಮಾದದ ಪ್ರವೃತ್ತಿ ಇದ್ದವರಲ್ಲಿ ಉನ್ಮಾದ ಕೆರಳುವುದು ವೈದ್ಯಕೀಯದಲ್ಲಿ ಸ್ಥಿರಪಟ್ಟ ಸಂಗತಿ. ಆದ್ದರಿಂದ ಬೆಳದಿಂಗಳ ಮಾತಿನಲ್ಲಿ ಒಂದಿಷ್ಟು ಹುರುಳಿರಬಹುದು. ಅಮಾವಾಸ್ಯೆಯ ಮಾತಿಗೆ ಆ ಆಧಾರ ಇಲ್ಲ. ಜಾಗರಣೆ ಮಾಡಿಸಿ, ಉಪವಾಸ ಕೆಡವಿ ಗಾಳಿ ಬಿಡಿಸುವ ಕ್ರಮಕ್ಕಂತೂ ಕ್ಷಮೆಯಿಲ್ಲ. ನಿದ್ದೆಯೇ ಮದ್ದಾಗಬೇಕಾದವರಿಂದ ನಿದ್ದೆಯನ್ನು ಕಸಿಯುವ ಕೆಲಸ ಅದು.

ಈಗ ಬಳ್ಳಾರಿಯ ಮಾತು. 1982ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಪ್ರಕಟಿಸಿತು. ಕಾಗದದ ಮೇಲಿನ ಯೋಜನೆಯನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಬೇಕಿತ್ತು. ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಹಳ್ಳಿಗಳ ಮಾನಸಿಕ ಚಿಕಿತ್ಸೆಯ ಅನುಭವ ಪಡೆದಿದ್ದ ನಿಮ್ಹಾನ್ಸ್, ರಾಜ್ಯ ಸರ್ಕಾರದ ನೆರವಿನಿಂದ 1985ರಲ್ಲಿ ಬಳ್ಳಾರಿಯನ್ನು ಆರಿಸಿಕೊಂಡಿತು. 1981ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 15 ಲಕ್ಷ. ಹೊಸಪೇಟೆ, ಸಂಡೂರು, ಸಿರುಗುಪ್ಪ, ಕೂಡ್ಲಿಗಿ, ಹಡಗಲಿ ಎಲ್ಲ ಒಂದೇ ಜಿಲ್ಲೆಯಲ್ಲಿದ್ದ ಕಾಲ ಅದು. ಕಂಪ್ಲಿ ಹೊಸಪೇಟೆ ತಾಲ್ಲೂಕಿಗೆ ಸೇರಿತ್ತು. ವಿಜಯನಗರ ಜಿಲ್ಲೆ ಬೇರೆಯಾದದ್ದು 2021ರಲ್ಲಿ.

ಐದು ವರ್ಷ ನಡೆದ ಆ ಪ್ರಯೋಗದ ತಿರುಳು ಸರಳವಾಗಿತ್ತು. ಮನೋರೋಗತಜ್ಞರು ಹಳ್ಳಿಗೊಬ್ಬರಂತೆ ಎಂದಿಗೂ ಸಿಗುವುದಿಲ್ಲ. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ತೀವ್ರ ಮಾನಸಿಕ ಕಾಯಿಲೆ, ಮೂರ್ಛೆರೋಗ, ಬುದ್ಧಿಮಾಂದ್ಯಗಳನ್ನು ಗುರುತಿಸಲು ತರಬೇತಿ ಕೊಟ್ಟರು. ಮನೆಮನೆ ಸುತ್ತುವ ಆರೋಗ್ಯ ಕಾರ್ಯಕರ್ತರಿಗೆ, ಯಾರಲ್ಲಿ ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಕಳಿಸಬೇಕೆಂದು ಕಲಿಸಿದರು. ಔಷಧಗಳು ಬೆರಳೆಣಿಕೆಯವು: ಮೂರ್ಛೆರೋಗಕ್ಕೆ ಫಿನೋಬಾರ್ಬಿಟೋನ್‌ನಂಥದು, ಚಿತ್ತವಿಕಲತೆಗೆ ಕ್ಲೋರ್‌ಪ್ರೊಮಜಿನ್‌ನಂಥದು. ಜಿಲ್ಲಾ ಕೇಂದ್ರದಲ್ಲಿ ತಜ್ಞರ ಒಂದು ಚಿಕ್ಕ ತಂಡ ಇದ್ದು ಕಠಿಣ ರೋಗಿಗಳನ್ನು ನೋಡಿಕೊಂಡಿತು, ಕೆಳಗಿನ ವೈದ್ಯರಿಗೆ ಬೆನ್ನಾಸರೆಯಾಯಿತು.

ಇದರ ಅರ್ಥವನ್ನು ಅಂದಿನ ಹಳ್ಳಿಯ ಕಣ್ಣಿನಿಂದ ನೋಡಬೇಕು. ಫಿಟ್ಸ್ ಬಂದವರ ಕೈಗೆ ಬೀಗದ ಕೈ ಹಿಡಿಸುತ್ತಿದ್ದ ಕಾಲ. ಆ ಕಾಯಿಲೆ ಇದ್ದ ಹುಡುಗಿಗೆ ಮದುವೆಯಿಲ್ಲ, ಹುಡುಗನಿಗೆ ಶಾಲೆಯಿಲ್ಲ. ತನ್ನಷ್ಟಕ್ಕೆ ಮಾತಾಡಿಕೊಳ್ಳುವವನನ್ನು ಕಂಬಕ್ಕೆ ಕಟ್ಟಿ, ಗುಡಿಯಿಂದ ಗುಡಿಗೆ, ದರ್ಗಾದಿಂದ ದರ್ಗಾಕ್ಕೆ ಒಯ್ದು ಎತ್ತು, ಹೊಲ ಮಾರಿಕೊಂಡ ಮನೆಗಳಿದ್ದವು. ಅಂಥವರಿಗೆ ನೆಗಡಿ ಜ್ವರಕ್ಕೆ ಹೋಗುವ ಅದೇ ಆಸ್ಪತ್ರೆಯಲ್ಲಿ, ಅದೇ ಡಾಕ್ಟರ ಕೈಯಲ್ಲಿ, ಅದೇ ಸಾಲಿನಲ್ಲಿ ನಿಂತು ಮದ್ದು ಸಿಕ್ಕಿತು. ‘ಗುಣ ಕೆಟ್ಟವ’ ಎನ್ನಿಸಿಕೊಂಡವನು ‘ಕಾಯಿಲೆಯವ’ ಆದ. ಆ ಎರಡು ಮಾತುಗಳ ನಡುವಿನ ದೂರ ದೊಡ್ಡದು. ಕಾಯಿಲೆಯವನಿಗೆ ಮನೆಯೊಳಗೆ ಜಾಗವಿದೆ.

ಈ ಅನುಭವದ ಆಧಾರದ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾಗಿ ಮುಂದೆ ದೇಶವ್ಯಾಪಿಯಾಯಿತು. ಮನೋವೈದ್ಯಶಾಸ್ತ್ರದ ಗ್ರಂಥಗಳಲ್ಲಿ ಅದಕ್ಕೆ ‘ಬಳ್ಳಾರಿ ಮಾದರಿ’ ಎಂಬ ಹೆಸರು ನಿಂತಿದೆ. ಅದಿರಿನಿಂದ, ಬಿಸಿಲಿನಿಂದ ಹೆಸರಾದ ನಮ್ಮ ಜಿಲ್ಲೆ ಇದಕ್ಕಾಗಿಯೂ ಹೆಸರಾಗಿದೆ ಎಂಬುದು ಇಲ್ಲಿನ ಓದಿದವರಿಗೂ ಅಷ್ಟಾಗಿ ತಿಳಿಯದಿರುವುದು ನನಗೆ ನೋವಿನ ಸಂಗತಿ. ಕಾರ್ಯಕ್ರಮ ಎಲ್ಲ ಕಡೆಯೂ ಒಂದೇ ಹದದಲ್ಲಿ ನಡೆಯಲಿಲ್ಲ ಎಂಬುದೂ ನಿಜ. ತರಬೇತಿ ಪಡೆದ ವೈದ್ಯರಿಗೆ ವರ್ಗವಾಗುತ್ತದೆ, ಮಾತ್ರೆಯ ಸರಬರಾಜು ತಪ್ಪುತ್ತದೆ, ಒಂದು ತಿಂಗಳು ಮಾತ್ರೆ ತಪ್ಪಿದರೆ ಮೂರ್ಛೆ ಮರಳುತ್ತದೆ, ಜನ ಮತ್ತೆ ತಾಯಿತದ ಕಡೆ ತಿರುಗುತ್ತಾರೆ. ಹಾಗಾದಾಗ ಸೋತದ್ದು ವ್ಯವಸ್ಥೆಯೇ ಹೊರತು ವಿಜ್ಞಾನವಲ್ಲ.

ಎಲ್ಲವನ್ನೂ ನರಗಳ ಮೇಲೆ ಹಾಕಿದರೆ ಮನುಷ್ಯನ ಹೊಣೆ ಎಲ್ಲಿ ಉಳಿಯಿತು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕಾರಣ ತಿಳಿಯುವುದೆಂದರೆ ತಪ್ಪನ್ನು ಮನ್ನಿಸುವುದೆಂದಲ್ಲ. ನಿದ್ದೆಗೆಟ್ಟು ಹೆಂಡತಿಯ ಮೇಲೆ ಕೈಮಾಡಿದವನ ತಪ್ಪು ತಪ್ಪೇ. ಆದರೆ ಕಾರಣ ತಿಳಿದಾಗ ಹೊಣೆ ಹಂಚಿಕೆಯಾಗುತ್ತದೆ. ಅವನು ತನ್ನ ದೇಹದ ಹೊತ್ತನ್ನು ಅರಿತು ನಡೆಯುವ ಹೊಣೆ ಹೊರಬೇಕು. ಪಾಳಿಯ ಪಟ್ಟಿ ಬರೆಯುವವರು, ರಾತ್ರಿ ಕರೆಂಟು ಬಿಡುವವರು, ಐದಕ್ಕೆ ಟ್ಯೂಷನ್ನು ಇಡುವವರು, ಮಾತ್ರೆಯ ಸರಬರಾಜು ನೋಡಿಕೊಳ್ಳುವವರು ತಮ್ಮ ಪಾಲನ್ನು ಹೊರಬೇಕು. ಇಷ್ಟು ದಿನ ಇಡೀ ಭಾರವನ್ನು ಒಬ್ಬನ ‘ಗುಣ’ದ ಮೇಲೆ ಹೇರಿ ಉಳಿದವರೆಲ್ಲ ಕೈತೊಳೆದುಕೊಂಡಿದ್ದೆವು.

ಈ ಉಪನ್ಯಾಸವನ್ನು ಪುಸ್ತಿಕೆಯಾಗಿ ಓದುವವರಲ್ಲಿ ನನ್ನ ಬೇಡಿಕೆ ಚಿಕ್ಕದು. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ನಿಮ್ಮ ಕೈಕೆಳಗೆ ಕೆಲಸ ಮಾಡುವವರಲ್ಲಿ ಯಾರದಾದರೂ ನಡತೆ ಇದ್ದಕ್ಕಿದ್ದಂತೆ ಬದಲಾದರೆ, ಮೊದಲು ಅವರ ನಿದ್ದೆಯ ಬಗ್ಗೆ ಕೇಳಿ. ನಿದ್ದೆ ಎರಡು ವಾರ ಕೆಟ್ಟಿದ್ದರೆ, ಅಥವಾ ಒಮ್ಮೆಯಾದರೂ ಸೆಳವು ಬಂದಿದ್ದರೆ, ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸೆಳವು ಬಂದವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಏನನ್ನೂ ಹಾಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ. ಆಸ್ಪತ್ರೆಗೆ ಹೋಗಲು ಸಂಕೋಚವಾದರೆ 2022ರಿಂದ ನಡೆಯುತ್ತಿರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ಅದರ ಸಂಖ್ಯೆ 14416. ಕರೆಗೆ ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು, ಹಗಲೂ ರಾತ್ರಿಯೂ ಯಾವ ಹೊತ್ತಿನಲ್ಲಾದರೂ ಮಾಡಬಹುದು.